ನಲವತ್ತೈದು ನಿಮಿಷಗಳ ಮೌನ

ಮೂರನೆಯ ಸಲ ಬಾಗಿಲು ತಟ್ಟಿದ ತಂಗಿ ಒಳಗಿನ ಸದ್ದಿಗಾಗಿ ಕಿವಿಯನ್ನು ಹಲಗೆಗೆ ಆನಿಸಿದಳು. ಫ್ಯಾನು ತಿರುಗುತ್ತಿತ್ತು. ಮಂಚದ ಕಾಲು ಒಮ್ಮೆ ಕಿರುಗುಟ್ಟಿತು. ಅಷ್ಟೇ. ಅತ್ತಿಗೆ ಬೆಳಗಿನ ಎಂಟಕ್ಕೆ ಆ ಕೋಣೆ ಹೊಕ್ಕು ಚಿಲಕ ಹಾಕಿಕೊಂಡವರು, ಈಗ ಎರಡೂವರೆ. ನಡುಮನೆಯಲ್ಲಿ ಅವರ ಗಂಡ, ಅಂದರೆ ತಂಗಿಯ ಅಣ್ಣ, ಊರಿಗೆಲ್ಲ ಈಜುಮಾಸ್ತರು, ಬಿಳಿಯ ಬಟ್ಟೆಯ ಕೆಳಗೆ ಮಲಗಿದ್ದರು. ನಾಲ್ಕು ಗಂಟೆಗೆ ವ್ಯಾನು ಹೊರಡಬೇಕಿತ್ತು.

"ಬಿಡಿ ಅತ್ತೆ," ಎಂದಳು ಹಿಂದೆ ಬಂದು ನಿಂತಿದ್ದ ಮಾಸ್ತರ ಮಗಳು. "ನನಗೂ ತಟ್ಟಿ ತಟ್ಟಿ ಸಾಕಾಯ್ತು. 'ನಾನೇ ಕಳಿಸಿದ್ದು, ಈಗ ಯಾವ ಮುಖ ಇಟ್ಕೊಂಡು ಬೀಳ್ಕೊಡಲಿ' ಅಂತಾರೆ. ನಿನ್ನೆಯಿಂದ ಅದೊಂದೇ ಮಾತು."

ನಿನ್ನೆ ಬೆಳಗಾಗೆದ್ದು ಅಪ್ಪ ಯಾಕೋ ಮೈ ಭಾರ ಎಂದಿದ್ದರಂತೆ. ಮನೆಯಲ್ಲಿ ಕೂತು ನನ್ನ ಪಾತ್ರೆಗಳಿಗೆ ಹೆಸರಿಡುವುದಕ್ಕಿಂತ ನೀರಿಗೆ ಹೋಗುವುದು ವಾಸಿ ಎಂದು ಅಮ್ಮ ನಕ್ಕಿದ್ದರಂತೆ. ಅಪ್ಪನೂ ನಕ್ಕು ಚೀಲ ಹೆಗಲಿಗೇರಿಸಿದ್ದರಂತೆ. ಪಾಠ ಮುಗಿದು ಎಲ್ಲರೂ ಹೋದಮೇಲೆ ಈಜುಕೊಳದ ಅಂಚಿನಲ್ಲಿ ನಿಂತು ಹಗ್ಗ ಸುತ್ತುತ್ತಿದ್ದಾಗ, ಯಾರೋ ಕರೆದಂತೆ ತಲೆಯೆತ್ತಿ, ಹಾಗೆಯೇ ಹಿಂದಕ್ಕೆ ಬಿದ್ದರು. ಕಲ್ಲಿನ ಮೆಟ್ಟಿಲು ತಲೆಗೆ ಬಡಿಯಿತು. ದೂರದ ಕಟ್ಟೆಯಿಂದ ಕಂಡ ಟಿಕೆಟಿನವನು ಓಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಇದನ್ನು ಮಗಳು ನಿನ್ನೆಯಿಂದ ಇಪ್ಪತ್ತು ಸಲ ಹೇಳಿದ್ದಳು. ಇಪ್ಪತ್ತು ಸಲವೂ ತಂಗಿ ತಲೆ ತಗ್ಗಿಸಿ ಕೇಳಿದ್ದಳು. ಕಳಿಸಿದವರು ಅತ್ತಿಗೆಯಲ್ಲ, ತಾನು ಎಂಬುದು ಅವಳೊಬ್ಬಳಿಗೇ ತಿಳಿದ ಸಂಗತಿ. ಎಂಟು ತಿಂಗಳಿನಿಂದ ಅದು ಬಾಯೊಳಗಿನ ಬಿಸಿತುಪ್ಪ. ನುಂಗಲೂ ಆಗಿರಲಿಲ್ಲ, ಉಗುಳಲೂ ಆಗಿರಲಿಲ್ಲ. ಇವತ್ತು ನಾಲ್ಕರೊಳಗೆ ಉಗುಳದಿದ್ದರೆ, ಆ ಬಾಗಿಲಿನ ಹಿಂದಿರುವ ಹೆಂಗಸು ಮಾಡದ ತಪ್ಪನ್ನು ಹೊತ್ತು, ಗಂಡನ ಮುಖವನ್ನೂ ನೋಡದೆ, ಉಳಿದ ಬದುಕನ್ನು ಸವೆಸಬೇಕಾಗುತ್ತಿತ್ತು.

ಅಷ್ಟರಲ್ಲಿ ಗೇಟಿನ ಬಳಿ ಸದ್ದಾಯಿತು. ಹನ್ನೊಂದು ಮಂದಿ ಹೆಂಗಸರು ಅಂಗಳಕ್ಕೆ ಬಂದರು. ಎಲ್ಲರದೂ ಅರುವತ್ತು ದಾಟಿದ ವಯಸ್ಸು, ಎಲ್ಲರ ಕೂದಲೂ ಒದ್ದೆ. ಹೆಗಲ ಮೇಲೆ ಹನಿ ತೊಟ್ಟಿಕ್ಕುತ್ತಿದ್ದರೂ ಯಾರೂ ಒರೆಸಿಕೊಳ್ಳಲಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಅವರು ನೀರಿನೊಳಗಿಂದ ನೇರವಾಗಿ ನಡೆದು ಬಂದವರಂತೆ, ಇನ್ನೂ ಅರ್ಧ ಅಲ್ಲಿಯೇ ಇರುವವರಂತೆ ಕಂಡರು. ಮಾಸ್ತರ ಮಧ್ಯಾಹ್ನದ ತರಗತಿ ಅದು. ಮುಂದಿದ್ದವರು ನಿವೃತ್ತ ಹೆಡ್‌ಮಿಸ್ಸು. ಸಾವಿನ ಮನೆಯಲ್ಲೂ ಅವರ ದನಿ ಹಿಂದಿನ ಬೆಂಚಿಗೆ ಕೇಳಿಸುವಂಥದು.

ಇವತ್ತು ಕೊಳ ಮುಚ್ಚಿತ್ತಂತೆ. ಟಿಕೆಟಿನವನು ಯಾರಿಗೂ ಹೇಳದೆ ಬಾಗಿಲು ತೆರೆದುಕೊಟ್ಟನಂತೆ. ಕಲಿಸುವವರಿಲ್ಲ, ಕಾಯುವವರಿಲ್ಲ. ಹನ್ನೊಂದು ಮಂದಿಯೂ ಕೈಗೆ ಕೈ ಹಿಡಿದು, ಕಾಲು ಗಂಟೆ ಅಂಗಾತ ತೇಲಿ, ಒಂದು ಮಾತಿಲ್ಲದೆ ಎದ್ದು ಬಂದೆವು ಎಂದು ಅವರು ಹೇಳಿದರು.

"ಕ್ಲಾಸು ತಪ್ಪಿಸಿ ಬಂದ್ರೆ ಮಾಸ್ತರು ಈ ಸ್ಥಿತೀಲೂ ಎದ್ದು ಕೂತು ಬಯ್ತಿದ್ರು," ಎಂದು ಸೇರಿಸಿದರು. ಆಮೇಲೆ ತಂಗಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಅವರ ತಂಗಿ ಅಂದ್ರೆ ನೀವೇ ಅಲ್ವಾ? ಆಸ್ಪತ್ರೆಯವರು? ನಿಮ್ಮ ಆ ರಿಪೋರ್ಟನ್ನ ಕಟ್ಟು ಹಾಕ್ಸಿ ನೋಟಿಸ್ ಬೋರ್ಡಿನ ಪಕ್ಕ ತೂಗುಹಾಕಿದ್ರಮ್ಮ. 'ನಲವತ್ತೈದು ನಿಮಿಷ ನೆಟ್ಟಗೆ ನಿಂತವನು ನಾನು, ನೀವು ಐದು ನಿಮಿಷಕ್ಕೆ ಏದುಸಿರು ಬಿಡ್ತೀರಲ್ಲ' ಅಂತ ದಿನಾ ನಮ್ಮನ್ನ ಚುಡಾಯಿಸೋರು. ನೀವೇ ಪಾಸ್ ಮಾಡಿದ್ದು ಅಲ್ವಾ?"

ಆ ಪ್ರಶ್ನೆಯಲ್ಲಿ ಮುಳ್ಳಿರಲಿಲ್ಲ. ಆದರೂ ಅದು ನಾಟಿತು. ತಂಗಿ ಹೌದೆಂದು ತಲೆಯಾಡಿಸಿ ಒಳಗೆ ನಡೆದಳು.

*

ಮೊದಲ ಸಲ ಬಿದ್ದಾಗ ಅಣ್ಣ ಅಂಚೆ ಕಚೇರಿಯ ಸಾಲಿನಲ್ಲಿ ನಿಂತಿದ್ದ. ಎರಡನೆಯ ಸಲ ಕ್ಷೌರದಂಗಡಿಯ ಕುರ್ಚಿಯಿಂದ ಎದ್ದ ಕೂಡಲೇ. ಮೂರನೆಯ ಸಲ ಈಜುಕೊಳದ ಸ್ನಾನದ ಕೋಣೆಯಲ್ಲಿ, ಬಿಸಿನೀರು ಮೈಮೇಲೆ ಸುರಿಯುತ್ತಿದ್ದಾಗ. ಮೂರಕ್ಕೂ ಅವನ ವಿವರಣೆ ಒಂದೇ: ಕಾಲು ಜಾರಿತು. ಅಂಚೆ ಕಚೇರಿಯ ಒಣ ನೆಲದಲ್ಲಿ ಕಾಲು ಜಾರುವುದು ಹೇಗೆಂದು ಕೇಳಿದರೆ, ಆನೆಯಂಥದೂ ಮುಗ್ಗರಿಸುತ್ತದೆ ಎಂದು ಗಾದೆಯ ಹಿಂದೆ ಅಡಗುತ್ತಿದ್ದ.

ತಂಗಿಗೆ ಆ ಉತ್ತರ ಹೊಸದಲ್ಲ. ಇಪ್ಪತ್ತಾರು ವರ್ಷಗಳಿಂದ ಅವಳು ಆಸ್ಪತ್ರೆಯಲ್ಲಿ ಪ್ರಜ್ಞೆ ತಪ್ಪುವವರ ಪರೀಕ್ಷೆಗಳನ್ನು ಮಾಡುವ ಟೆಕ್ನಿಷಿಯನ್. ವಯಸ್ಸಾದವರಿಗೆ ಬಿದ್ದದ್ದು ನೆನಪಿರುತ್ತದೆ, ಅದಕ್ಕೆ ಮುಂಚೆ ಪ್ರಜ್ಞೆ ತಪ್ಪಿದ್ದು ನೆನಪಿರುವುದಿಲ್ಲ. ಹಾಗಾಗಿ ಅವರು ಕಾಲೊರೆಸುವ ಚಾಪೆಯನ್ನೋ, ಸವೆದ ಚಪ್ಪಲಿಯನ್ನೋ, ಮೊಮ್ಮಗಳ ಆಟಿಕೆಯನ್ನೋ ತಪ್ಪಿತಸ್ಥನನ್ನಾಗಿ ಹಿಡಿದು ತರುತ್ತಾರೆ. ನಿಂತದ್ದಕ್ಕೂ ಬಿದ್ದದ್ದಕ್ಕೂ ನಡುವಿನ ಆ ಕೆಲವು ಕ್ಷಣಗಳು ಯಾರ ಬಳಿಯೂ ಉಳಿದಿರುವುದಿಲ್ಲ. ಅವನ್ನು ಹುಡುಕಿ ಕಾಗದದ ಮೇಲೆ ತರುವುದೇ ಅವಳ ಕೆಲಸವಾಗಿತ್ತು.

ಕೊಳದ ಸಮಿತಿಯವರು ಮೂರನೆಯ ಸಲಕ್ಕೆ ಪತ್ರ ಕಳಿಸಿದರು. ಬೀಳುವ ಕಾರಣ ತಿಳಿಯುವವರೆಗೆ ಮಾಸ್ತರು ನೀರಿಗಿಳಿಯುವಂತಿಲ್ಲ.

ಇಸಿಜಿ ತೆಗೆದರು, ಅದರಲ್ಲಿ ಏನೂ ಇರಲಿಲ್ಲ. ಮಲಗಿಸಿ, ನಿಲ್ಲಿಸಿ, ಮತ್ತೆ ಮೂರು ನಿಮಿಷ ಬಿಟ್ಟು ಬಿಪಿ ನೋಡಿದರು. ಕೊಂಚ ಇಳಿದು ತಾನಾಗಿಯೇ ಏರಿತು. ಎಕೋ ಮಾಡಿದ ಡಾಕ್ಟರು, ಅರುವತ್ತೊಂಬತ್ತರ ಮನುಷ್ಯ ನಲವತ್ತರ ಹೃದಯವನ್ನು ಎಲ್ಲಿ ಕದ್ದ ಎಂದರು. ಆಮೇಲೆ ಇಪ್ಪತ್ತನಾಲ್ಕು ಗಂಟೆ ಎದೆಗೆ ಅಂಟಿಸಿಕೊಂಡಿರಬೇಕಾದ ಯಂತ್ರವನ್ನು ಕೊಟ್ಟರು. ಅದಕ್ಕೆ ನೀರು ತಾಗಬಾರದು. ಜೊತೆಗೊಂದು ಪುಟ್ಟ ಪುಸ್ತಕ. ಯಾವ ಹೊತ್ತಿಗೆ ಏನು ಮಾಡಿದೆ, ಏನನ್ನಿಸಿತು ಎಂದು ಬರೆಯಬೇಕು. ಮರುದಿನ ಆ ಪುಸ್ತಕ ತಂಗಿಯ ಮೇಜಿಗೆ ಬಂತು. ನಲವತ್ತು ವರ್ಷಗಳಲ್ಲಿ ಅಣ್ಣ ಇಷ್ಟು ದಿನ ನೀರಿಗಿಳಿಯದೆ ಇದ್ದದ್ದು ಅದೇ ಮೊದಲು.

"೯.೧೦ – ಪೇಪರ್ ಓದಿದೆ. ೯.೪೦ – ಹೆಂಡತಿಯೊಡನೆ ವಾದ. ೯.೪೫ – ಸೋಲು. ೧೧.೦೦ – ಕಾಫಿ. ೪.೦೦ – ಕ್ಲಾಸಿನ ಹೊತ್ತು. ಕಿಟಕಿಯ ಬಳಿ ನಿಂತೆ. ೪.೩೦ – ಇನ್ನೂ ನಿಂತಿದ್ದೇನೆ. ೫.೦೦ – ಎದೆ ಭಾರ. ಇದಕ್ಕೂ ಯಂತ್ರಕ್ಕೂ ಸಂಬಂಧವಿಲ್ಲ."

ಯಂತ್ರ ಅವನ ಮಾತನ್ನು ಒಪ್ಪಿತ್ತು. ಐದು ಗಂಟೆಯ ಗೆರೆ ಉಳಿದ ಗಂಟೆಗಳಷ್ಟೇ ನಿರ್ಮಲವಾಗಿತ್ತು. ಉಳಿದದ್ದು ಒಂದೇ ಪರೀಕ್ಷೆ, ವಾಲುವ ಮೇಜಿನದು. ಅದನ್ನು ನಡೆಸಲು ಬಲ್ಲವಳು ಇಡೀ ಆಸ್ಪತ್ರೆಗೆ ತಂಗಿಯೊಬ್ಬಳೇ.

*

ಮೂರು ಗಂಟೆಗೆ ಡ್ರೈವರು ಬಂದು ವ್ಯಾನನ್ನು ಅಂಗಳದೊಳಗೆ ಹಿಮ್ಮುಖವಾಗಿ ತಂದು ನಿಲ್ಲಿಸಿದ. ಸಮಯ ತಪ್ಪಿದರೆ ಚಿತಾಗಾರದವರು ಮುಂದಿನವರನ್ನು ಒಳಗೆ ಬಿಟ್ಟುಬಿಡುತ್ತಾರೆ, ಹಾಗಾಗಿ ನಾಲ್ಕೆಂದರೆ ನಾಲ್ಕೇ ಎಂದು ಮಗಳಿಗೆ ಮೆತ್ತಗೆ ತಿಳಿಸಿ, ಗೋಡೆಯ ನೆರಳಿಗೆ ಸರಿದು ನಿಂತ. ಮಗಳು ತಂಗಿಯತ್ತ ನೋಡಿದಳು. ಅಮ್ಮ ಬಾರದೆ ಅಪ್ಪನನ್ನು ಕಳಿಸಿದರೆ ನಾಳೆಯಿಂದ ಅಮ್ಮ ಬದುಕುವುದಿಲ್ಲ ಎಂದಳು. ನಿನ್ನೆಯಿಂದ ಒಂದು ತೊಟ್ಟು ನೀರೂ ಕುಡಿದಿಲ್ಲ ಎಂದಳು. ತಂಗಿಯೂ ಕುಡಿದಿರಲಿಲ್ಲ, ಅದನ್ನು ಯಾರೂ ಗಮನಿಸಿರಲಿಲ್ಲ, ಅವಳು ಕೂಡ.

ಅವಳು ನಡುಮನೆಯಲ್ಲಿ ಅಣ್ಣನ ತಲೆಯ ಬಳಿ ಒಂದು ಕ್ಷಣ ನಿಂತಳು. ಅವನು ಅಂಗಾತ ಮಲಗಿದ್ದ ರೀತಿ ಅವಳಿಗೆ ಚಿರಪರಿಚಿತ. ಆ ದಿನವೂ ಹೀಗೆಯೇ ಮಲಗಿದ್ದ.

*

ಆ ಕೋಣೆಗೆ ಕಿಟಕಿಯಿರಲಿಲ್ಲ. ಗೋಡೆಯ ತಿಳಿಹಸಿರು ಬಣ್ಣ ಮಂದ ಬೆಳಕಿನಲ್ಲಿ ಕರಗಿ, ಒಳಗೆ ಹೋದವರಿಗೆ ತಾವು ಯಾವುದೋ ತಂಪು ಆಳದಲ್ಲಿದ್ದೇವೆಂಬ ಭ್ರಮೆ ಹುಟ್ಟುತ್ತಿತ್ತು. ನಡುವೆ ಮೇಜು. ಎದೆಗೊಂದು ಪಟ್ಟಿ, ಮೊಣಕಾಲಿಗೊಂದು ಪಟ್ಟಿ, ಪಾದ ಊರಲು ಹಲಗೆ. ಮೊದಲು ಕಾಲು ಗಂಟೆ ಚಪ್ಪಟೆಯಾಗಿ ಮಲಗಿಸಬೇಕು. ಆಮೇಲೆ ಗುಂಡಿಯೊತ್ತಿದರೆ ಮೇಜು ನಿಧಾನವಾಗಿ ಮೇಲೆದ್ದು ಮನುಷ್ಯನನ್ನು ಹೆಚ್ಚುಕಡಿಮೆ ನಿಲ್ಲಿಸಿಬಿಡುತ್ತದೆ. ನಲವತ್ತೈದು ನಿಮಿಷ ಹಾಗೆಯೇ. ರಕ್ತ ಕಾಲಿಗಿಳಿಯುತ್ತದೆ. ಬೀಳುವ ಜಾಯಮಾನದವರು ಅಲ್ಲಿ ಬೀಳುತ್ತಾರೆ. ಪಟ್ಟಿ ಹಿಡಿಯುತ್ತದೆ, ಯಂತ್ರ ಗೆರೆ ಬರೆಯುತ್ತದೆ, ಮೇಜು ಮಲಗುತ್ತದೆ, ಕಣ್ಣು ತೆರೆಯುತ್ತದೆ. ಕಣ್ಣು ತೆರೆದವರು ವಿಚಿತ್ರ ಸಂಗತಿಗಳನ್ನು ಹೇಳುತ್ತಿದ್ದರು. ಒಬ್ಬ ಅಜ್ಜಿ ಇಡೀ ಮಧ್ಯಾಹ್ನ ತಮ್ಮ ತಾಯಿಯ ಜೊತೆ ಬಟ್ಟೆ ಮಡಿಸಿ ಬಂದಿದ್ದರು. ಯಂತ್ರದ ಲೆಕ್ಕದಲ್ಲಿ ಅದು ಒಂಬತ್ತು ಸೆಕೆಂಡು.

ಆ ಕೋಣೆಯ ದೊಡ್ಡ ನಿಯಮ ಮೌನ. ಕೆಲಸಕ್ಕೆ ಸೇರಿದ ಹೊಸದರಲ್ಲಿ ತಂಗಿ ಕರುಣೆಯಿಂದ ಎಲ್ಲರನ್ನೂ ಮಾತಾಡಿಸುತ್ತಿದ್ದಳು. ಅವಳ ಸರದಿಯಲ್ಲಿ ಯಾರೂ ಬೀಳುತ್ತಿರಲಿಲ್ಲ. ಮಾತಿಗೆ ಮಾತು ಕೊಡುವವರ ಮೈ ಎಚ್ಚರವಾಗಿಯೇ ಇರುತ್ತದೆಂದು ಡಾಕ್ಟರು ಅನುಮಾನಪಟ್ಟು, ಅವಳ ಬಾಯಿಗೆ ಬೀಗ ಹಾಕಿಸಿದರು. ಅಂದಿನಿಂದ ಆಸ್ಪತ್ರೆಯವರಿಗೆ ಅವಳು ಮೌನಮ್ಮ. ಹುಟ್ಟುಮನೆಯಲ್ಲಿ ಮಾತ್ರ, ಹುಟ್ಟಿದಾರಭ್ಯ ಬಾಯಿ ಮುಚ್ಚದ ಕಾರಣ, ಗಿಣಿ. ಈ ಕತೆಯನ್ನು ಅವಳು ಒಮ್ಮೆ ಊಟಕ್ಕೆ ಕೂತಾಗ ಹೇಳಿ ಎಲ್ಲರನ್ನೂ ನಗಿಸಿದ್ದಳು. ಎಲ್ಲರಿಗಿಂತ ಹೆಚ್ಚು ನಕ್ಕವನು ಅಣ್ಣ.

ಆ ದಿನ ಡಾಕ್ಟರಿಗೆ ವಾರ್ಡಿನಿಂದ ಕರೆ ಬಂದು ಅವರು ಪಕ್ಕದ ಕೋಣೆಯಿಂದ ಎದ್ದುಹೋಗಿದ್ದರು. ಮೇಜು ಎದ್ದು ನಿಂತಿತ್ತು. ಹತ್ತನೆಯ ನಿಮಿಷಕ್ಕೆ ಅಣ್ಣನ ಮುಖ ಬಿಳಿಚತೊಡಗಿತು. ಮೇಲ್ದುಟಿಯ ಮೇಲೆ ಬೆವರು ಮೂಡಿತು. ಪರದೆಯ ಮೇಲೆ ರಕ್ತದೊತ್ತಡದ ಗೆರೆ ಇಳಿಜಾರು ಹಿಡಿಯಿತು. ಬೀಳುತ್ತಾನೆ, ಬೀಳಲಿ, ಕಾರಣ ಸಿಕ್ಕರೆ ಮದ್ದೂ ಸಿಗುತ್ತದೆ ಎಂದುಕೊಂಡು ತಂಗಿ ಗುಂಡಿಯ ಮೇಲೆ ಬೆರಳಿಟ್ಟು ಕಾದಳು.

ಆಗ ಅಣ್ಣ, ಕಣ್ಣು ಮುಚ್ಚಿಕೊಂಡೇ, ಮಾತಾಡಿದ.

"ಗಿಣಿ, ಊರಿಗೆಲ್ಲ ಈಜು ಕಲಿಸಿದವನು ನಿನಗೊಬ್ಬಳಿಗೆ ಯಾಕೆ ಕಲಿಸಲಿಲ್ಲ, ಗೊತ್ತಾ?"

ಅದು ಅವಳು ಬಾಲ್ಯದಿಂದಲೂ ಕೇಳುತ್ತ ಬಂದ ಪ್ರಶ್ನೆ. ಅತ್ತು ಕೇಳಿದ್ದಳು, ಜಗಳವಾಡಿ ಕೇಳಿದ್ದಳು, ಮದುವೆಯಾಗಿ ಹೋಗುವಾಗ ಕೊಂಕಾಗಿ ಕೇಳಿದ್ದಳು. ಎಂದೂ ಉತ್ತರ ಬಂದಿರಲಿಲ್ಲ. ಈಗ ಅವಳು ತುಟಿಯ ಮೇಲೆ ಬೆರಳಿಟ್ಟಳು. ಮುಚ್ಚಿದ ಕಣ್ಣಿಗೆ ಬೆರಳು ಕಾಣುವುದಿಲ್ಲ.

"ನಿನಗೆ ಆಗ ಆರು ವರ್ಷ. ಕಲ್ಲುಗಣಿಯ ಹೊಂಡಕ್ಕೆ ಕರ್ಕೊಂಡು ಹೋಗಿದ್ದೆ. ಅಮ್ಮನಿಗೆ ಹೇಳಿರಲಿಲ್ಲ."

ಅಷ್ಟು ಹೇಳಿ ಅಣ್ಣ ನಿಲ್ಲಿಸಿದ. ಕೋಣೆಯಲ್ಲಿ ಯಂತ್ರದ ಮಿಡಿತವೊಂದೇ ಉಳಿಯಿತು. ಗೆರೆ ಇಳಿಯುತ್ತಲೇ ಇತ್ತು. ಇನ್ನೊಂದು ನಿಮಿಷ, ಬಹುಶಃ ಅರ್ಧ ನಿಮಿಷ, ಅವಳು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

"ಆಮೇಲೆ?" ಎಂದಳು ತಂಗಿ.

ಗೆರೆ ಕೊಂಚ ತಲೆಯೆತ್ತಿತು.

ಅಣ್ಣ ಕತೆಯನ್ನು ತುಂಡು ತುಂಡಾಗಿ ಹೇಳಿದ. ಒಂದೊಂದು ತುಂಡನ್ನೂ ಕುತೂಹಲದ ಗಂಟಿನಲ್ಲಿ ನಿಲ್ಲಿಸಿದ. ಅವಳು ಆಮೇಲೆ ಎನ್ನುವವರೆಗೆ ಮುಂದಕ್ಕೆ ಹೋಗಲಿಲ್ಲ. ಅವಳ ಬೆನ್ನ ಕೆಳಗೆ ಅಂಗೈ ಇಟ್ಟು, ಆಕಾಶ ನೋಡು, ಎಲೆಯಾಗು ಎಂದಿದ್ದನಂತೆ. ಅವಳು ನಿಜವಾಗಿ ಎಲೆಯಾದಳಂತೆ. ಕೈ ತೆಗೆದರೂ ತೇಲಿದಳಂತೆ. ಹದಿನೇಳರ ಹುಡುಗನಿಗೆ ಹೆಮ್ಮೆ ತಡೆಯಲಾಗದೆ, ಯಾರಾದರೂ ನೋಡಿದರೇನೋ ಎಂದು ದಡದತ್ತ ತಿರುಗಿದನಂತೆ. ಮತ್ತೆ ಇತ್ತ ತಿರುಗಿದರೆ ನೀರು ಮಾತ್ರ ಇತ್ತಂತೆ. ಮೂರು ಸಲ ಮುಳುಗಿ, ನಾಲ್ಕನೆಯ ಸಲಕ್ಕೆ ಕೈಗೆ ಜಡೆ ಸಿಕ್ಕಿತಂತೆ. ಬಂಡೆಯ ಮೇಲೆ ಮಲಗಿಸಿದಾಗ ಅವಳು ಸುಣ್ಣದಂತೆ ಬೆಳ್ಳಗಿದ್ದಳಂತೆ.

"ಆಮೇಲೆ?"

"ಏನು ಮಾಡಬೇಕು ಗೊತ್ತಿರಲಿಲ್ಲ. ಎಣಿಸ್ತಾ ಕೂತೆ. ನೂರರೊಳಗೆ ಏಳದಿದ್ದರೆ ನಾನೂ ಹೊಂಡಕ್ಕೆ ಹಾರೋದು ಅಂತ. ಎಪ್ಪತ್ತು ದಾಟಿತ್ತು, ನೀನು ಕಣ್ಣು ಬಿಟ್ಟೆ. ನನ್ನ ಮೇಲೆ ಸಿಟ್ಟು ನಿನಗೆ. 'ಇಷ್ಟು ಬೇಗ ಯಾಕೆ ಕರೆದೆ' ಅಂದೆ."

ತಂಗಿಗೆ ಅದಾವುದೂ ನೆನಪಿರಲಿಲ್ಲ. ಅಂದಿನಿಂದ ನಿನ್ನ ಬೆನ್ನಿಗೆ ಕೈ ಕೊಡುವ ಧೈರ್ಯ ಬರಲಿಲ್ಲ, ಆ ಅಂಗೈಯನ್ನು ಬೇರೆಯವರ ಬೆನ್ನಿಗೆ ಕೊಡುತ್ತಲೇ ನಲವತ್ತು ವರ್ಷ ಕಳೆದೆ ಎಂದು ಅಣ್ಣ ಹೇಳುವಾಗ ಅವನ ಮುಖದಲ್ಲಿ ರಕ್ತ ಆಡುತ್ತಿತ್ತು. ಗಡಿಯಾರ ನಲವತ್ತೈದು ತೋರಿಸುತ್ತಿತ್ತು.

ಮೇಜು ಮಲಗಿತು. ಪಟ್ಟಿ ಬಿಚ್ಚುವಾಗ ಅಣ್ಣ ಪರೀಕ್ಷೆ ಬರೆದು ಬಂದ ಹುಡುಗನ ಹಾಗೆ ಅವಳ ಮುಖ ನೋಡಿ, "ಪಾಸಾ?" ಎಂದು ಕೇಳಿದ.

ವರದಿಯ ಕೊನೆಯಲ್ಲಿ ಒಂದು ಚೌಕವಿತ್ತು. ಪರೀಕ್ಷೆಯುದ್ದಕ್ಕೂ ಮೌನ ಪಾಲಿಸಲಾಗಿದೆ ಎಂಬುದಕ್ಕೆ ಗುರುತು ಹಾಕಬೇಕಾದ ಚೌಕ. ಗುರುತು ಹಾಕದಿದ್ದರೆ ಇನ್ನೊಮ್ಮೆ ಪರೀಕ್ಷೆ, ಇನ್ನೊಮ್ಮೆ ಬಂದರೆ ಅವನು ಬೀಳುವುದು ಖಂಡಿತ. ತಂಗಿಯ ಕಣ್ಣ ಮುಂದೆ ಆ ಪುಟ್ಟ ಪುಸ್ತಕದ ನಾಲ್ಕು ಗಂಟೆ, ನಾಲ್ಕೂವರೆ, ಐದು ಗಂಟೆಗಳು ಹಾದುಹೋದವು. ಅವಳು ಗುರುತು ಹಾಕಿದಳು.

*

ಮೂರೂ ಇಪ್ಪತ್ತಕ್ಕೆ ಅವಳು ಮತ್ತೆ ಆ ಬಾಗಿಲಿನೆದುರು ನಿಂತಿದ್ದಳು. ಈ ಸಲ ತಟ್ಟಲಿಲ್ಲ.

"ಅತ್ತಿಗೆ, ಅಣ್ಣನ್ನ ಕಳಿಸಿದ್ದು ನೀವಲ್ಲ, ನಾನು. ಬಾಗಿಲು ತೆಗೀರಿ, ಹೇಳ್ತೀನಿ."

ಬಹಳ ಹೊತ್ತಿನ ಮೇಲೆ ಚಿಲಕ ಸರಿಯಿತು.

ಪರದೆ ಎಳೆದ ಕೋಣೆಯಲ್ಲಿ ಮಧ್ಯಾಹ್ನವೇ ಮಬ್ಬಾಗಿತ್ತು. ಅತ್ತಿಗೆ ಮಂಚದ ಅಂಚಿಗೆ ಮರಳಿ ಕುಳಿತರು. ತಂಗಿ ಹೈಸ್ಕೂಲಿನಲ್ಲಿದ್ದಾಗ ಈ ಮನೆಗೆ ಬಂದು, ದಿನಾ ಬೆಳಗ್ಗೆ ಅವಳ ಜಡೆ ಹೆಣೆದವರು. ಆ ಕೈಗಳು ಈಗ ಮಡಿಲಲ್ಲಿ ಅಂಗೈ ಮೇಲಾಗಿ ಬಿದ್ದಿದ್ದವು. ತಂಗಿ ನೆಲಕ್ಕೆ ಕುಳಿತು ಎಲ್ಲವನ್ನೂ ಹೇಳಿದಳು. ಹಸಿರು ಕೋಣೆ, ಹೊಂಡ, ಗುರುತು ಹಾಕಿದ ಚೌಕ. ತಾನು ಆಮೇಲೆ ಎಂದದ್ದು ಹನ್ನೊಂದು ಸಲ. ಆ ಹನ್ನೊಂದರಲ್ಲಿ ಯಾವುದಾದರೂ ಒಂದನ್ನು ನುಂಗಿದ್ದರೆ ಅಣ್ಣ ಆ ದಿನವೇ ಬಿದ್ದು, ಕಾರಣ ಸಿಕ್ಕಿ, ಇವತ್ತು ಹೊರಗೆ ಆ ವ್ಯಾನು ಇರುತ್ತಿರಲಿಲ್ಲ. ಹೇಳಿ ಮುಗಿಸಿ, ಬೈಗುಳಕ್ಕೆ ಕಾಯುವವಳಂತೆ ತಲೆ ಬಗ್ಗಿಸಿದಳು.

ಫ್ಯಾನು ತಿರುಗುತ್ತಿತ್ತು.

"ಹನ್ನೊಂದಾ?" ಎಂದರು ಅತ್ತಿಗೆ. "ಅವರು ಹದಿಮೂರು ಅಂದಿದ್ರು."

ತಂಗಿ ತಲೆಯೆತ್ತಿದಳು.

ಆ ಸಂಜೆಯೇ ಅವರು ಬಂದು ಹೇಳಿದ್ದರಂತೆ. ಊಟದ ಹೊತ್ತಿನ ಹಳೆಯ ತಮಾಷೆಯನ್ನು ನೆನಪಿಟ್ಟುಕೊಂಡು, ಗಿಣಿಯ ಬಾಯಿ ತೆರೆಸಲು ಯಾವ ಕತೆ ಬೇಕೆಂದು ವಾರವಿಡೀ ಯೋಚಿಸಿ ಹೋಗಿದ್ದರಂತೆ. ಮೊದಲು ಹೊಟ್ಟೆ ಹಿಡಿದು ನಕ್ಕರಂತೆ. ಆಮೇಲೆ ತಮ್ಮ ಅಂಗೈಯನ್ನೇ ನೋಡುತ್ತ ಕೂತರಂತೆ.

"ಹೊಂಡದ ಕತೆ ಸುಳ್ಳಾ ಹಾಗಾದ್ರೆ?"

"ಅದು ನಿಜ ಕಣೇ. ನಿದ್ದೇಲಿ ಎಷ್ಟು ಸಲ ಎಣಿಸಿದ್ದು ಕೇಳಿದ್ದೀನಿ. ಎಪ್ಪತ್ತಕ್ಕೆ ಬಂದು ಎಚ್ಚರ ಆಗ್ತಿತ್ತು. 'ಐವತ್ತು ವರ್ಷದಿಂದ ಹೇಳಬೇಕು ಅಂತಿದ್ದೆ, ಮೇಜಿಗೆ ಕಟ್ಟಿಹಾಕಿದ ಮೇಲೆ ಬಾಯಿ ಬಂತು' ಅಂದ್ರು."

ಅತ್ತಿಗೆ ಮಡಿಲಿನಿಂದ ಒಂದು ಕೈ ಎತ್ತಿ ಅದನ್ನೇ ನೋಡಿಕೊಂಡರು.

"ನಿನ್ನ ಫೈಲಲ್ಲಿ ಎಷ್ಟು ಸಲ ಬಿದ್ರು ಅಂತ ಇದೆ?"

"ಮೂರು."

"ಅದೆಲ್ಲ ಹೊರಗೆ ಬಿದ್ದದ್ದು. ಈ ಮನೆಯೊಳಗೆ ಒಂಬತ್ತು. ನೀನು ಪಾಸ್ ಮಾಡಿದ ಮೇಲೇನೇ ನಾಲ್ಕು. ಬಚ್ಚಲ ಹತ್ರ, ಅಡುಗೆಮನೆ ಹೊಸಿಲಲ್ಲಿ, ಇಲ್ಲಾಂದ್ರೆ ಇದೇ ಮಂಚದ ಪಕ್ಕ. ಯಾರಿಗೂ ಹೇಳಬೇಡ, ಹೇಳಿದರೆ ನೀರು ಬಿಡಿಸ್ತಾರೆ ಅಂತ ಕೈ ಹಿಡ್ಕೊಂಡ್ರು. ಆ ಯಂತ್ರ ಕಟ್ಟಿದ ದಿನ ಅವರು ಕಿಟಕೀಲಿ ನಿಂತಿದ್ದನ್ನ ನಾನು ಹಿಂದಿನಿಂದ ನೋಡಿದ್ದೆ. ಬಾಯಿ ಮುಚ್ಕೊಂಡೆ. ಒಂಬತ್ತು ಸಲವೂ ನಾನೇ ಹಿಡಿದೆ. ಹಿಡಿದು ಹಿಡಿದು, ಮುಂದಿನದನ್ನೂ ನಾನೇ ಹಿಡೀತೀನಿ ಅನ್ನೋ ಸೊಕ್ಕು ಬಂತು."

ದನಿ ಏರಲೂ ಇಲ್ಲ, ಒಡೆಯಲೂ ಇಲ್ಲ. ಅವರು ಬೇರೆ ಯಾರದೋ ಸಂಸಾರದ ಸಂಗತಿ ಹೇಳುವವರಂತೆ ಹೇಳುತ್ತಿದ್ದರು. ನಿನ್ನನ್ನು ಅವರು ಆಟವಾಡಿಸಿದರು, ನೀನು ತಿಳಿಯದೆ ಸಿಕ್ಕಿಬಿದ್ದೆ, ನಾನು ತಿಳಿದೂ ತಿಳಿದೂ ದಿನಾ ಚೀಲ ತುಂಬಿ ಕೊಟ್ಟೆ ಎಂದರು. ಎದ್ದು ಬನ್ನಿ, ಒಮ್ಮೆ ಮುಖ ನೋಡಿ ಎಂದು ತಂಗಿ ಬೇಡಿಕೊಂಡಳು. ಅತ್ತಿಗೆ ತಲೆಯಾಡಿಸಿದರು.

"ಹಾಗೆ ಅಂಗಾತ ಮಲಗಿದಾಗೆಲ್ಲ ಎಬ್ಬಿಸಿದ್ದೀನಿ. ಇವತ್ತು ಎಬ್ಬಿಸೋಕಾಗದೆ ಎದುರಿಗೆ ನಿಂತಿರೋದು ನನ್ನಿಂದ ಆಗಲ್ಲ. ನೀನು ಹೋಗು. ಜನ ಕಾಯ್ತಿದ್ದಾರೆ."

ಎಂಟು ತಿಂಗಳು ಬಚ್ಚಿಟ್ಟ ಮಾತು ಕೊನೆಗೂ ಹೊರಗೆ ಬಂದಿತ್ತು. ಅದರಿಂದ ಒಂದು ಬಾಗಿಲಿನ ಚಿಲಕ ಸರಿಯಿತೇ ಹೊರತು ಬೇರೇನೂ ಕದಲಲಿಲ್ಲ. ತಂಗಿ ಎದ್ದಳು. ಹೊರಡುವಾಗ ಬಾಗಿಲನ್ನು ಮುಚ್ಚಲು ಅವಳ ಕೈ ಬರಲಿಲ್ಲ.

*

ನಾಲ್ಕಕ್ಕೆ ಐದು ನಿಮಿಷವಿರುವಾಗ ಮಾಸ್ತರನ್ನು ಎತ್ತಿ ತಂದು ವ್ಯಾನಿನೊಳಗೆ ಮಲಗಿಸಿದರು. ಅಂಗಳ ತುಂಬ ಜನ. ಮಗಳು ಮನೆಯತ್ತ ಒಮ್ಮೆ, ತಂಗಿಯತ್ತ ಒಮ್ಮೆ ನೋಡಿದಳು. ತಂಗಿ ಇಲ್ಲವೆಂದು ತಲೆಯಾಡಿಸಿದಳು. ಮಗಳು ಡ್ರೈವರಿಗೆ ಕೈಸನ್ನೆ ಮಾಡಿದಳು. ಎಂಜಿನು ಗುರುಗುಟ್ಟಿತು.

ಬಿಸಿಲು ಮುಖಕ್ಕೆ ರಾಚುತ್ತಿತ್ತು. ತಂಗಿಗೆ ಒಂದು ಆಕಳಿಕೆ ಬಂತು, ಅದರ ಬೆನ್ನಿಗೇ ಇನ್ನೊಂದು. ಮೇಲ್ದುಟಿಗೆ ತಣ್ಣನೆಯ ಬೆವರು ತಾಗಿತು. ಜನರ ಮಾತು ಗೋಡೆಯಾಚೆಗೆ ಸರಿದಂತಾಯಿತು. ಕಣ್ಣಿನ ಅಂಚುಗಳು ಸುಟ್ಟ ಕಾಗದದ ಹಾಗೆ ಒಳಮುಖವಾಗಿ ಸುರುಟಿಕೊಳ್ಳತೊಡಗಿದವು. ಇಪ್ಪತ್ತಾರು ವರ್ಷ ಬೇರೆಯವರ ಬಾಯಿಂದ ಕೇಳಿ ಬರೆದುಕೊಂಡ ಪಟ್ಟಿ ಇದು ಎಂದು ಅವಳಿಗೆ ಗೊತ್ತಾಯಿತು. ಕೂಡಲೇ ಕೂತುಬಿಡಬೇಕು ಎಂದೂ ಗೊತ್ತಿತ್ತು. ಸಾವಿರ ಜನಕ್ಕೆ ಹೇಳಿದ್ದಳು. ಆದರೆ ಅಣ್ಣ ಹೊರಟಿರುವಾಗ ಕೂರುವುದು ಹೇಗೆ ಎಂದುಕೊಂಡು ನಿಂತೇ ಇದ್ದಳು.

ಉದ್ದನೆಯ ಓಣಿಯೊಂದರಲ್ಲಿ ಯಾರೋ ಬೆನ್ನು ತಿರುಗಿಸಿಕೊಂಡು ಕಸ ಗುಡಿಸುತ್ತಿದ್ದರು. ಅವರಿಗೆ ಯಾವ ಅವಸರವೂ ಇರಲಿಲ್ಲ. ಗುಡಿಸಿದ ಜಾಗವೆಲ್ಲ ಬೆಳಕಾಗುತ್ತಿತ್ತು. ತಂಗಿ ಕಟ್ಟೆಯ ಮೇಲೆ ಕುಳಿತು ನೋಡುತ್ತಿದ್ದಳು. ಕೇಳಬೇಕಾದದ್ದು ಏನೂ ಉಳಿದಿರಲಿಲ್ಲ. ಒಂದು ಬೇಸಿಗೆ ಪೂರ್ತಿ ಅಲ್ಲಿ ಕಳೆಯಿತು.

ಆಮೇಲೆ ಗದ್ದಲ. ಕಂಕುಳಿಗೆ ಯಾರದೋ ಕೈಗಳು. ಎತ್ತಿ ಕೂರಿಸಿ, ಕುರ್ಚಿ ತನ್ನಿ, ಮುಖಕ್ಕೆ ನೀರು ಹಾಕಿ ಎಂಬ ಹತ್ತು ದನಿಗಳು. ಹೆಡ್‌ಮಿಸ್ಸು ಅವಳನ್ನು ನಿಲ್ಲಿಸಲು ಹೊರಟಿದ್ದರು. ಎತ್ತಿದಷ್ಟೂ ಲೋಕ ಮತ್ತೆ ಕಪ್ಪಾಗುತ್ತಿತ್ತು.

"ಎತ್ತಬೇಡಿ."

ಆ ದನಿ ಮನೆಯೊಳಗಿನಿಂದ ಬಂತು. ಎಲ್ಲರೂ ತಿರುಗಿದರು.

"ಎತ್ತಬೇಡಿ ಅವಳನ್ನ. ಚಪ್ಪಟೆ ಮಲಗಿಸಿ. ಸರೀರಿ, ಗಾಳಿ ಬಿಡಿ."

ಜನ ಸರಿದು ದಾರಿ ಬಿಟ್ಟರು. ಅತ್ತಿಗೆ ಬರಿಗಾಲಲ್ಲಿ ಓಡಿಬಂದರು. ಅರುವತ್ತೈದರ ಮಂಡಿಗಳು ಅಂಗಳದ ಮಣ್ಣಿಗೆ ಊರಿದ ಸದ್ದು ಹತ್ತಿರವಿದ್ದವರಿಗೆ ಕೇಳಿಸಿತು. ತಂಗಿಯ ಕುಪ್ಪಸದ ಕೊರಳ ಗುಂಡಿ ಬಿಚ್ಚಿದರು. ಕಾಲ ಬಳಿಗೆ ಸರಿದು ಕುಳಿತು, ಎರಡೂ ಪಾದಗಳನ್ನು ಎತ್ತಿ ತಮ್ಮ ಭುಜದ ಮೇಲಿಟ್ಟುಕೊಂಡರು. ಒಂದು ಚಲನೆಯೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ತಂಗಿ ಕಣ್ಣು ತೆರೆದಾಗ ಮೊದಲು ಕಂಡದ್ದು ಆಕಾಶ. ಆಮೇಲೆ ಅತ್ತಿಗೆಯ ಗದ್ದ.

ಹೊತ್ತಾಯಿತೆಂದು ಯಾರೋ ಮೆಲ್ಲಗೆ ನೆನಪಿಸಿದರು. ಮಗಳು ಏನು ಮಾಡಬೇಕೆಂದು ತಿಳಿಯದೆ ತಾಯಿಯ ಮುಖ ನೋಡಿದಳು.

"ಇರಲಿ," ಎಂದರು ಅತ್ತಿಗೆ. "ಇವಳ ಮುಖಕ್ಕೆ ಬಣ್ಣ ಬರಲಿ. ಇಬ್ಬರೂ ಬರ್ತೀವಿ."

ಡ್ರೈವರು ಎಂಜಿನು ಆರಿಸಿದ. ಭುಜದ ಮೇಲಿನ ಪಾದಗಳನ್ನು ಒಂದು ಕೈಯಿಂದ ತಬ್ಬಿ ಹಿಡಿದು, ಇನ್ನೊಂದು ಕೈಯ ಬೆರಳುಗಳನ್ನು ಕಾಲಗಂಟಿನ ನಾಡಿಯ ಮೇಲಿಟ್ಟು, ಅತ್ತಿಗೆ ತುಟಿಯಲ್ಲೇ ಎಣಿಸುತ್ತಿದ್ದರು. ಮಲಗಿದ್ದ ತಂಗಿಯ ತಲೆಯಾಚೆ, ನಾಲ್ಕು ಹೆಜ್ಜೆಯ ದೂರದಲ್ಲಿ ವ್ಯಾನಿನ ಬಾಗಿಲು ಅಗಲವಾಗಿ ತೆರೆದಿತ್ತು. ಅವರ ಕಣ್ಣು, ಎಣಿಕೆ ತಪ್ಪದೆ, ಅದರೊಳಗೆ ನೆಟ್ಟಿತ್ತು.